ಮಗಳಿಗೊಂದು ಪತ್ರ: ಕರ್ರಿ ವಾಪಸ್ ಬಂದ, ಆ ಮೂರು ಕಾರ್ಡು ಅಲ್ಲೇ ಉಳಿದವು

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ರೀತಿಯಲ್ಲೇ ಗೊತ್ತಾಯಿತು, ಇದು ಫೋನಲ್ಲಿ ಮುಗಿಯುವ ಮಾತಲ್ಲ ಅಂತ. "ಅಮ್ಮಾ, ಆ ಮೂರು ಬಾಸ್ಕೆಟ್‌ಬಾಲ್ ಕಾರ್ಡು ನನ್ನವೇ, ಅಂಗಡಿಯವನೇ ತಗೊಳ್ಳಿ ಅಂದ್ರೂ ಯಾಕೆ ಬಿಟ್ಟು ಬಂದೆ?" ಅಂದೆ. ನಾನು ಬಾಯಿ ಬಿಡುವಷ್ಟರಲ್ಲಿ ನಿನಗೆ ಲ್ಯಾಬಿಗೆ ಹೊತ್ತಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬಸ್ಸಿನಲ್ಲಿ ಕೂತು ಓದಿಕೋ.

ಮೊದಲಿಂದ ಹೇಳುತ್ತೇನೆ, ಯಾಕಂದ್ರೆ ನಿನಗೆ ಗೊತ್ತಿರೋದು ಅರ್ಧ. ಆಗ ನಿನ್ನ ಪರೀಕ್ಷೆ ನಡೀತಿತ್ತು, ನಾವೂ ಜಾಸ್ತಿ ಹೇಳಲಿಲ್ಲ.

ಕಳ್ಳರು ಬಂದದ್ದು ಚಿನ್ನಕ್ಕೆ. ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾದಲ್ಲಿ ದೀಪಾವಳಿ ಹೊತ್ತಿಗೆ ನಮ್ಮವರ ಮನೆ ನೋಡಿಕೊಂಡು ನುಗ್ಗೋದು ಹೊಸದೇನಲ್ಲ, ಪೊಲೀಸರೇ ಹುಷಾರಾಗಿರಿ ಅಂತ ಹೇಳುತ್ತಿರುತ್ತಾರೆ. ನಾವು ಸ್ನೇಹಿತರ ಮನೆಗೆ ಲಕ್ಷ್ಮೀ ಪೂಜೆಗೆ ಹೋಗಿದ್ದೆವು. ಬಂದು ನೋಡಿದರೆ ಹಿತ್ತಲಿನ ಗಾಜಿನ ಬಾಗಿಲು ಪುಡಿಪುಡಿ. ಅಡುಗೆ ಮನೆ ನೋಡಬೇಕಿತ್ತು ನೀನು. ಸೋನಾ ಮಸೂರಿ ಡ್ರಮ್ಮು ಪೂರ್ತಿ ಬೋರಲು, ಅದರ ಮೇಲೆ ತೊಗರಿಬೇಳೆ, ಅದರ ಮೇಲೆ ಹುರಿಗಡಲೆ, ಅಕ್ಕಿಹಿಟ್ಟಿನಲ್ಲಿ ದೊಡ್ಡದೊಂದು ಶೂ ಗುರುತು. ಅಕ್ಕಿ ಡಬ್ಬದಲ್ಲಿ ಬಳೆ ಬಚ್ಚಿಡುವವರು ನಾವು ಅಂತ ಅವರಿಗೆ ಯಾರು ಹೇಳಿಕೊಟ್ಟರೋ. ಚಕ್ಕುಲಿ ಡಬ್ಬಿಯನ್ನೂ ಬಿಡಲಿಲ್ಲ. ಒಂದು ಚಕ್ಕುಲಿ ಕಚ್ಚಿ ಹಾಗೇ ಇಟ್ಟು ಹೋಗಿದ್ದ ಯಾರೋ, ಅದು ನನಗೆ ಎಲ್ಲಕ್ಕಿಂತ ಉರಿ ಎಬ್ಬಿಸಿತು.

ಚಿನ್ನ ಬ್ಯಾಂಕ್ ಲಾಕರಿನಲ್ಲಿತ್ತು. ಸಿಕ್ಕಿದ್ದು ದೇವರ ಮನೆಯ ಬೆಳ್ಳಿ ದೀಪ, ಅಪ್ಪನ ಹಳೇ ಲ್ಯಾಪ್‌ಟಾಪು, ಆಮೇಲೆ ನಿನ್ನ ರೂಮಿನಲ್ಲಿ ಆಟಗಾರರ ಕಾರ್ಡು ಇಟ್ಟಿದ್ದ ಕಪ್ಪು ಜಿಪ್ ಪೆಟ್ಟಿಗೆ ಮತ್ತು ಎರಡು ಬೈಂಡರು. ಒಂದು ವಿಷಯ ಗಮನಿಸು. ಕಾಮನ್ ಕಾರ್ಡುಗಳ ಶೂ ಡಬ್ಬಗಳನ್ನು ಅವರು ತೆರೆದು ನೋಡಿ ಹಾಗೇ ಬಿಟ್ಟಿದ್ದರು. ಅಂದರೆ ಬಂದವರಲ್ಲಿ ಒಬ್ಬನಿಗಾದರೂ ಕಾರ್ಡಿನ ಬೆಲೆ ಗೊತ್ತಿತ್ತು. ಗೊತ್ತಿದ್ದರೆ ಬಿಡುತ್ತಾನಾ? ಜೇಬಿನಲ್ಲಿ ಹಾಕಿಕೊಂಡು ಹೋಗಬಹುದು, ಕರಗಿಸಬೇಕಿಲ್ಲ, ಯಾವುದಾದರೂ ಕಾರ್ಡ್ ಶೋನಲ್ಲಿ ಮೇಜಿಂದ ಮೇಜಿಗೆ ತಿರುಗಿದರೆ ಕೈಗೆ ನಗದು.

ಮೈಸೂರಿಗೆ ಫೋನ್ ಮಾಡಿದಾಗ ನಿನ್ನ ಮಾಮ ಬೆಳ್ಳಿ ದೀಪದ ಮಾತೇ ಎತ್ತಲಿಲ್ಲ. "ಪುಟ್ಟಿ ಕಾರ್ಡು ಹೋಯ್ತಾ?" ಅಂತ ಅದನ್ನೇ ಕೇಳಿದ. ಅವನು ಚಿಕ್ಕವನಿದ್ದಾಗ ಬಿಗ್ ಫನ್ ಬಬಲ್ ಗಮ್ಮಿನ ಕ್ರಿಕೆಟ್ ಕಾರ್ಡು ಕೂಡಿಡುತ್ತಿದ್ದವನು. ಅವನಿಗೆ ಹೊಟ್ಟೆ ಉರಿಯದೆ ಇರುತ್ತಾ?

ರಿಪೋರ್ಟ್ ಬರೆದುಕೊಳ್ಳಲು ಬಂದ ಪೊಲೀಸು ಒಳ್ಳೆ ಹುಡುಗ, ಆದರೆ ಅವನ ಟ್ಯಾಬ್ಲೆಟ್ಟಿನಲ್ಲಿ ನಿನ್ನ ಇಡೀ ಸಂಗ್ರಹ ಒಂದೇ ಸಾಲಾಗಿ ಹೋಯಿತು: ಸ್ಪೋರ್ಟ್ಸ್ ಕಾರ್ಡ್ಸ್. ಅಷ್ಟೇ. ಅದನ್ನು ಹಾಗೇ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿದಿರೋದು. ಮಾರನೇ ದಿನ ಅಪ್ಪ ನಿನ್ನ ಗೂಗಲ್ ಶೀಟ್ ತೆಗೆದರು. ಕಾರ್ಡಿನ ಸ್ಥಿತಿ ನೋಡಿ ದರ್ಜೆ ಕೊಡುವ ಪಿಎಸ್‌ಎ ಕಂಪನಿ ಗ್ರೇಡ್ ಮಾಡಿ ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ ಮುಚ್ಚಿ ಕಳಿಸಿದ ಪ್ರತಿ ಕಾರ್ಡಿನ ಸರ್ಟಿಫಿಕೇಟ್ ನಂಬರು, ಅಂದರೆ ಸರ್ಟ್ ನಂಬರು, ನಂಬರು ಹಾಕಿ ಅಚ್ಚು ಮಾಡಿದ ಕಾರ್ಡಾದರೆ 99ರಲ್ಲಿ ಎಷ್ಟನೆಯದು ಅನ್ನೋದು, ಎಲ್ಲಿ ಕೊಂಡದ್ದು, ಎಷ್ಟಕ್ಕೆ, ಮುಂದೆ ಹಿಂದೆ ಫೋಟೋ. ಡಿಟೆಕ್ಟಿವ್‌ಗೆ ಕಳಿಸಿದೆವು. ಆಕೆ ಫೋನ್ ಮಾಡಿ, ಚಿನ್ನ ಕಳೆದುಕೊಂಡವರು ಒಂದು ಫೋಟೋ ಕೂಡ ಕೊಡಲ್ಲ, ನಿಮ್ಮ ಮಗಳು ಏನು ಓದುತ್ತಾಳೆ ಅಂತ ಕೇಳಿದರು. ನಾನು ಜಂಬದಿಂದಲೇ ಹೇಳಿದೆ.

ನೋಡು, ನನ್ನ ಬೆಳ್ಳಿ ದೀಪಕ್ಕೆ ನಂಬರ್ ಇಲ್ಲ. ಹಬ್ಬದ ಫೋಟೋಗಳ ಮೂಲೆಯಲ್ಲಿ ಮಬ್ಬಾಗಿ ಕಾಣುತ್ತೆ, ಅಷ್ಟೇ. ಅದು ಬರಲಿಲ್ಲ, ಬರೋದೂ ಇಲ್ಲ. ನಿನ್ನ ಕಾರ್ಡಿನ ನಂಬರನ್ನು ಪಿಎಸ್‌ಎ ಸೈಟಿನಲ್ಲಿ ಯಾರು ಬೇಕಾದರೂ ಹೊಡೆದು ನೋಡಬಹುದು. ಆ ನಂಬರ್ ಅಳಿಸಬೇಕು ಅಂದರೆ ಕಳ್ಳ ಸ್ಲ್ಯಾಬ್ ಒಡೆಯಬೇಕು. ಒಡೆದರೆ ಗ್ರೇಡ್ ಹೋಗುತ್ತೆ, ಬೆಲೆ ಬೀಳುತ್ತೆ. ಅವಸರದಲ್ಲಿರುವವನು ಆ ತಂಟೆಗೆ ಹೋಗಲ್ಲ, ಹಾಗೇ ಮಾರಲು ನೋಡುತ್ತಾನೆ. ಅದಕ್ಕೇ ಮೊದಲ ಕೆಲವು ವಾರ ಮುಖ್ಯ ಅಂತ ಡಿಟೆಕ್ಟಿವ್ ಅಂದರು. ನಗಬೇಡ ನೀನು, ನಿನ್ನಮ್ಮನಿಗೆ ಈಗ ಈ ಭಾಷೆ ಎಲ್ಲ ಬರುತ್ತೆ. ಸ್ಲ್ಯಾಬು, ರಾ, ಪ್ಯಾರಲಲ್, ಟಾಪ್ ಲೋಡರ್, ಎಲ್ಲಾ.

ನಾನು ಸ್ಯಾನ್ ಹೋಸೆಯಿಂದ ಸ್ಯಾಕ್ರಮೆಂಟೊವರೆಗೆ ಹುಡುಕಿದ ಕಾರ್ಡ್ ಅಂಗಡಿಗಳಿಗೆಲ್ಲ ಮೇಲ್ ಹಾಕಿದೆ. ಕೇಸ್ ನಂಬರು, ಡಿಟೆಕ್ಟಿವ್ ಫೋನ್ ನಂಬರು, ಸರ್ಟ್ ನಂಬರುಗಳ ಪಟ್ಟಿ. ಗೋಳಾಟ ಏನೂ ಬರೆಯಲಿಲ್ಲ, ಅಂಗಡಿಯವರಿಗೆ ಬೇಕಾಗೋದು ನಂಬರು. ಅಪ್ಪ ರಾತ್ರಿಯೆಲ್ಲ ಇಬೇ ಮುಂದೆ. ಫೇಸ್‌ಬುಕ್ಕಿನಲ್ಲಿ ಯಾರೋ ಬಾಸ್ಕೆಟ್‌ಬಾಲ್ ಆಟಗಾರ ಸ್ಟೆಫ್ ಕರ್ರಿಯ ರೂಕಿ ಕಾರ್ಡನ್ನು, ಅಂದರೆ ಅವನ ಮೊದಲ ವರ್ಷದ ಕಾರ್ಡನ್ನು, ನಂಬರ್ ಕಾಣದ ಹಾಗೆ ಹೆಬ್ಬೆರಳು ಅಡ್ಡ ಇಟ್ಟು ಫೋಟೋ ಹಾಕಿದ್ದ. ಅಷ್ಟು ಸಾಕಾಯಿತು ಇವರಿಗೆ. ಕೊಳ್ಳುವವನ ಹಾಗೆ ನಟಿಸಿ ಪಾರ್ಕಿಂಗ್ ಲಾಟಿನಲ್ಲಿ ಭೇಟಿಯಾಗುತ್ತೇನೆ ಅಂತ ಹೊರಟರು! ಐವತ್ತು ದಾಟಿದೆ, ಬಿಪಿ ಮಾತ್ರೆ ನುಂಗುತ್ತಾರೆ, ಪತ್ತೇದಾರಿ ಬೇರೆ. ಕಾರಿನ ಕೀ ಕಿತ್ತಿಟ್ಟುಕೊಂಡೆ. ಡಿಟೆಕ್ಟಿವ್ ಕೂಡ ಅದನ್ನೇ ಹೇಳಿದರು, ಕಂಡರೆ ನಮಗೆ ತಿಳಿಸಿ, ನೀವು ಹೋಗಬೇಡಿ. ಆ ಹೆಬ್ಬೆರಳಿನವನ ಕಾರ್ಡು ನಿನ್ನದಾಗಿರಲೂ ಇಲ್ಲ.

ನಿನ್ನದು ಸಿಕ್ಕಿದ್ದು ಸೆಂಟ್ರಲ್ ವ್ಯಾಲಿಯ ಒಂದು ಅಂಗಡಿಯಲ್ಲಿ. ಅಂಗಡಿಯವರೇ ಫೋನ್ ಮಾಡಿದರು. ಒಬ್ಬನಿಂದ ಒಟ್ಟಿಗೆ ಒಂದು ಕಟ್ಟು ಕೊಂಡಿದ್ದರಂತೆ. ಆಮೇಲೆ ಹಳೇ ಮೇಲ್ ತೆಗೆಯುವಾಗ ನನ್ನ ಪಟ್ಟಿ ಕಣ್ಣಿಗೆ ಬಿದ್ದು, ಶೋಕೇಸಿನಲ್ಲಿದ್ದ ಕರ್ರಿಯ ನಂಬರಿಗೆ ತಾಳೆ ಹಾಕಿ ನೋಡಿದರಂತೆ. ನಿನ್ನ ಟಾಪ್ಸ್ ಕಂಪನಿಯ 2009-10ರ ಸೆಟ್ಟಿನ 321ನೇ ಕಾರ್ಡು. ಬೇಸಿಗೆ ಕೆಲಸದ ದುಡ್ಡೆಲ್ಲ ಸುರಿದು ಕೊಂಡಿದ್ದೆಯಲ್ಲ, ಅದೇ. ಕ್ಯಾಲಿಫೋರ್ನಿಯಾದಲ್ಲಿ ಸೆಕೆಂಡ್ ಹ್ಯಾಂಡ್ ಮಾಲು ಕೊಳ್ಳುವ ಲೈಸೆನ್ಸಿನವರು ಮಾರುವವನ ಐಡಿ ನೋಡಬೇಕು, ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಇವರು ಅದನ್ನು ಸರಿಯಾಗಿ ಮಾಡಿದ್ದರು. ಅಲ್ಲಿಂದಲೇ ಪೊಲೀಸರು ಅವನನ್ನು ಹಿಡಿದದ್ದು. ಉಳಿದದ್ದು ಕೋರ್ಟಿನಲ್ಲಿದೆ, ಅದರ ಬಗ್ಗೆ ಬರೆಯಲ್ಲ.

ಒಂದು ಮಾತು ನಿನಗೆ ಅರ್ಥ ಆಗಬೇಕು. ಕದ್ದ ಮಾಲನ್ನು ಗೊತ್ತಿಲ್ಲದೆ ದುಡ್ಡು ಕೊಟ್ಟು ಕೊಂಡರೂ ಅದು ಕೊಂಡವನದ್ದು ಆಗಲ್ಲ, ಕಾನೂನು ಹಾಗಿದೆ. ಅಂದರೆ ಆ ಮನುಷ್ಯ ಕಳ್ಳನಿಗೆ ಕೊಟ್ಟ ದುಡ್ಡು ನೀರಿಗೆ ಹೋದ ಹಾಗೆ. ಕೋರ್ಟು ಕಳ್ಳನಿಂದ ಕೊಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಷ್ಟು ಗೊತ್ತಿದ್ದೂ ಫೋನ್ ಮಾಡಿದರು. ಸುಮ್ನೆ ಇದ್ದಿದ್ದರೆ ನಮಗೆ ಗೊತ್ತಾಗುತ್ತಿತ್ತಾ?

ಗುರುತು ಹಿಡಿಯಲು ನನ್ನನ್ನು ಆ ಅಂಗಡಿಗೆ ಕರೆಸಿದ್ದರು. ಡಿಟೆಕ್ಟಿವ್ ಬರೋದು ಸ್ವಲ್ಪ ತಡ ಆಯಿತು, ಅಷ್ಟರಲ್ಲಿ ಅಂಗಡಿಯವರು ಕಥೆ ಹೇಳಿದರು. 1952ರ ಟಾಪ್ಸ್ ಬೇಸ್‌ಬಾಲ್ ಕಾರ್ಡು ಮಾರಾಟ ಆಗದೆ ಉಳಿದಾಗ ಕಂಪನಿಯವರು 1960ರಲ್ಲಿ ಪೆಟ್ಟಿಗೆಗಟ್ಟಲೆ ತಗೊಂಡು ಹೋಗಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದು ಬಂದರಂತೆ. ಅದೇ ಸೆಟ್ಟಿನ ಮಿಕಿ ಮ್ಯಾಂಟಲ್ ಕಾರ್ಡು ಒಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ರಟ್ಟಿನ ತುಂಡು! ಅಪ್ಪನಿಗೆ ಹೇಳಿದ ಮೇಲೆ ಅವರು ಗ್ಯಾರೇಜಿನಲ್ಲಿ ಏನನ್ನೂ ಎಸೆಯಲು ಬಿಡುತ್ತಿಲ್ಲ.

ಸ್ಲ್ಯಾಬ್ ಮಾಡಿದ ಕಾರ್ಡುಗಳು ಐದು ನಿಮಿಷದ ಕೆಲಸ. ನಂಬರ್ ಓದು, ಟಿಕ್ ಹಾಕು. ಕಷ್ಟ ಆಗಿದ್ದು ಸ್ಲ್ಯಾಬ್ ಇಲ್ಲದ ರಾ ಕಾರ್ಡುಗಳಲ್ಲಿ. ನಿನ್ನ ಬಾಸ್ಕೆಟ್‌ಬಾಲ್ ಆಟಗಾರ್ತಿ ಸಬ್ರೀನಾ ಅಯನೆಸ್ಕು ಕಾರ್ಡು ನೆನಪಿದೆಯಲ್ಲ, 2020ರ ಪ್ರಿಜ್ಮ್ ಸರಣಿಯದು, ಬೆಳ್ಳಿ ಹೊಳಪಿನದು. ನಮ್ಮ ಕಡೆಯ ಹುಡುಗಿ, ಇಲ್ಲೇ ಒರಿಂಡಾದ ಹೈಸ್ಕೂಲಿನಲ್ಲಿ ಆಡಿದವಳು ಅಂತ ನೀನು ಲಾಕ್‌ಡೌನಿನಲ್ಲಿ ಹಟ ಹಿಡಿದು ಶುರು ಮಾಡಿದ್ದೇ ಅವಳಿಂದ. ಆಗ ಕಾರ್ಡಿಗೆ ಎಂಥಾ ಹುಚ್ಚಿತ್ತು, 2021ರ ಮೇನಲ್ಲಿ ಟಾರ್ಗೆಟ್ ಅಂಗಡಿಗಳಲ್ಲಿ ಜನ ಜಗಳ ಆಡುತ್ತಾರೆ ಅಂತ ಮಾರೋದನ್ನೇ ನಿಲ್ಲಿಸಿದ್ದರಲ್ಲ. ಅಂಗಡಿಯಲ್ಲಿ ಆ ಅಯನೆಸ್ಕು ಕಾರ್ಡು ಇತ್ತು. ಆದರೆ ಅಂಥದ್ದು ಲೋಕದಲ್ಲಿ ಒಂದೇನಾ ಇರೋದು?

ಡಿಟೆಕ್ಟಿವ್ ಗ್ಲೌಸ್ ಹಾಕಿಕೊಂಡು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ನಿಧಾನವಾಗಿ ಓರೆ ಮಾಡಿದರು. ನಾನು ಪಕ್ಕದಲ್ಲಿ ಫೋನ್ ಹಿಡಿದು ನಿನ್ನ ಫೋಟೋ ದೊಡ್ಡದು ಮಾಡಿದೆ. ಭುಜದ ಹತ್ತಿರ ಕೂದಲೆಳೆಯಂಥ ಅಚ್ಚಿನ ಗೆರೆ, ಎಡಗಡೆ ಕೆಳಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ. ಎರಡೂ ಇದ್ದವು. ಅದೇ ಜಾಗ, ಅದೇ ಉದ್ದ. ಇದು ನನ್ನ ಮಗಳದ್ದು ಅಂತ ಹೇಳಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಈಗ ಬಾ, ನಿನ್ನ ಸಿಟ್ಟಿನ ವಿಷಯಕ್ಕೆ. ಬಾಸ್ಕೆಟ್‌ಬಾಲ್ ಆಡುವ ಕೇಟ್ಲಿನ್ ಕ್ಲಾರ್ಕ್ ಕಾರ್ಡುಗಳು. ನಿನ್ನ ಶೀಟಿನಲ್ಲಿ "ಕ್ಲಾರ್ಕ್ 2024 ಪ್ರಿಜ್ಮ್ ಬೇಸ್, 3" ಅಂತಿದೆ, ಅಂದರೆ ಮಾಮೂಲಿ ಕಾರ್ಡು ಮೂರು, ಫೋಟೋ ಇಲ್ಲ. ಅಂಗಡಿಯವರು ಆ ಕಟ್ಟಿನ ಸಣ್ಣ ಬೆಲೆಯ ಕಾರ್ಡುಗಳನ್ನೆಲ್ಲ ತಮ್ಮ ಡಬ್ಬಕ್ಕೆ ಸೇರಿಸಿಬಿಟ್ಟಿದ್ದರು. ತೆಗೆದು ನೋಡಿದರೆ ಏಳು ಕ್ಲಾರ್ಕ್. ಅವರದ್ದೂ ಇದ್ದವು, ಬೇರೆಯವರಿಂದ ಕೊಂಡದ್ದೂ ಇದ್ದವು, ಯಾವುದು ಯಾವುದು ಅಂತ ಅವರಿಗೇ ಗೊತ್ತಿಲ್ಲ. "ಯಾವುದಾದರೂ ಮೂರು ತಗೊಳ್ಳಿ ಮೇಡಂ" ಅಂದರು. ಡಿಟೆಕ್ಟಿವ್ ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದರು: ಇವು ನಿಮ್ಮವು ಅಂತ ಬರೆದು ಸಹಿ ಹಾಕಬಲ್ಲಿರಾ?

ಇಲ್ಲ ಅಂದೆ.

ನನ್ನವೇ ಮೂರು ಆ ಏಳರಲ್ಲಿ ಇದ್ದವು ಅಂತ ನೀನು ವಾದ ಮಾಡುತ್ತೀಯ. ಇದ್ದಿರಬಹುದು. ಬೇರೆ ಕಡೆ ಮಾರಿಯೂ ಇರಬಹುದು, ಇನ್ನೊಂದು ಬೈಂಡರ್ ಇವತ್ತಿಗೂ ಪತ್ತೆ ಇಲ್ಲ ಅಲ್ವಾ? ಅದೇ ಕಾಗದದ ಮೇಲೆ ಕರ್ರಿಗೂ ಅಯನೆಸ್ಕುಗೂ ನಾನು ಸಹಿ ಹಾಕಿದ್ದೇನೆ. ನಾಳೆ ಕೋರ್ಟಿನಲ್ಲಿ ಆ ಕಡೆಯ ವಕೀಲ ಎದ್ದು ನಿಂತು, ಈ ಮೂರು ನಿಮ್ಮವು ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದರೆ ಏನು ಹೇಳಲಿ? ಅಂಗಡಿಯವರು ಕೊಟ್ಟರು ಅಂತ ಹೇಳಲಾ? ಆಮೇಲೆ ಕರ್ರಿ ವಿಷಯದಲ್ಲೂ ಅವನು ನನ್ನನ್ನು ನಂಬೋದು ಬೇಡ. ಅದೂ ಇರಲಿ. ಆ ಮನುಷ್ಯ ತಗೊಳ್ಳಿ ಅಂದದ್ದು ಮುಜುಗರಕ್ಕೆ, ಕದ್ದ ಮಾಲು ತನ್ನ ಅಂಗಡಿಯಲ್ಲಿ ಸಿಕ್ಕಿತಲ್ಲ ಅಂತ. ಈಗಾಗಲೇ ದುಡ್ಡು ಕಳೆದುಕೊಂಡಿದ್ದವನ ಮುಜುಗರವನ್ನು ನಾನು ಇನ್ನೂ ಮೂರು ಕಾರ್ಡಿಗೆ ಉಪಯೋಗಿಸಿಕೊಳ್ಳಬೇಕಿತ್ತಾ? ನೀನು ಅಲ್ಲಿದ್ದಿದ್ದರೆ ನೀನೂ ತಗೊಳ್ಳುತ್ತಿರಲಿಲ್ಲ ಅಂತ ನನಗನಿಸುತ್ತೆ. ತಗೊಳ್ಳುತ್ತಿದ್ದೆ ಅಂತೀಯಾದರೆ ಬೇಸಿಗೆಗೆ ಬಂದಾಗ ಇನ್ನೊಂದು ಸುತ್ತು ಜಗಳ ಆಡೋಣ.

ಸಿಕ್ಕಿದ್ದು ಕೂಡ ತಕ್ಷಣ ಕೈಗೆ ಬರಲಿಲ್ಲ. ಸಾಕ್ಷಿ ಅಂತ ಪೊಲೀಸ್ ಸ್ಟೋರಿನಲ್ಲಿ ಕೂತಿದ್ದವು. ಅವರು ಎಲ್ಲದರ ಫೋಟೋ ತೆಗೆದುಕೊಂಡ ಮೇಲೆ ಬಿಟ್ಟುಕೊಟ್ಟರು, ಕಂದು ಕಾಗದದ ಚೀಲ, ಮೇಲೆ ಕೆಂಪು ಟೇಪು. ಕರ್ರಿ ಸ್ಲ್ಯಾಬಿನ ಮೇಲೆ ಅಂಗಡಿಯ ಹಳದಿ ಬೆಲೆ ಚೀಟಿ ಇನ್ನೂ ಅಂಟಿಕೊಂಡಿದೆ. ನೀನು ಕೊಟ್ಟದ್ದಕ್ಕಿಂತ ಜಾಸ್ತಿ ಬರೆದಿದ್ದಾರೆ, ಖುಷಿ ಪಡು. ಅಪ್ಪ ಕೊಬ್ಬರಿ ಎಣ್ಣೆ ಹಚ್ಚಿ ತೆಗೆಯುತ್ತೇನೆ ಅಂತ ಬಂದರು, ಓಡಿಸಿದೆ. ಇನ್ನೊಂದು ಸ್ಲ್ಯಾಬಿನ ಮೂಲೆ ಸೀಳಿದೆ, ಒಳಗಿನ ಕಾರ್ಡಿಗೆ ಏನೂ ಆದ ಹಾಗೆ ಕಾಣಲ್ಲ. ಪಿಎಸ್‌ಎಗೆ ಕಳಿಸಿದರೆ ಹೊಸ ಪ್ಲಾಸ್ಟಿಕ್ ಹಾಕಿ ಕೊಡುತ್ತಾರಂತೆ, ಅದು ನಿನ್ನ ಕೆಲಸ.

ಇನ್ನು ಇನ್ಶೂರೆನ್ಸ್. ಸಂಗ್ರಹದ ವಸ್ತುಗಳಿಗೆ ನಮ್ಮ ಪಾಲಿಸಿಯಲ್ಲಿ ಬೇರೆ ಮಿತಿ ಇದೆ, ನಾವೇ ಭರಿಸಬೇಕಾದ ಡಿಡಕ್ಟಿಬಲ್ ಕಳೆದರೆ ದೊಡ್ಡ ಮೊತ್ತವೇನೂ ಬರಲ್ಲ. ಆದರೂ ಬಿಡಬೇಡ. ಶೀಟಿನಲ್ಲಿ ಒಂದು ಹೊಸ ಕಾಲಂ ಮಾಡು. ವಾಪಸ್ ಬಂದದ್ದರ ಮುಂದೆ ಬಂತು ಅಂತ, ಬಾರದ್ದರ ಮುಂದೆ ಬಂದಿಲ್ಲ ಅಂತ. ಕ್ಲಾರ್ಕ್ ಮೂರನ್ನೂ ಬಂದಿಲ್ಲ ಅಂತಲೇ ಬರೆ, ಆ ದುಡ್ಡು ನಿನಗೆ ಬರಬೇಕಾದ್ದೇ. ಪ್ಯಾಕ್ ಕೊಂಡ ರಸೀದಿಗಳು ಇಮೇಲಿನಲ್ಲಿ ಇರುತ್ತವೆ, ಹುಡುಕು. ಇನ್ಶೂರೆನ್ಸಿನವರು ದುಡ್ಡು ಕೊಟ್ಟ ಮೇಲೆ ಆ ಬೈಂಡರೇನಾದರೂ ಸಿಕ್ಕರೆ ಅವರಿಗೆ ತಿಳಿಸಬೇಕಾಗುತ್ತೆ, ಅದನ್ನೂ ತಲೆಯಲ್ಲಿ ಇಟ್ಟುಕೋ.

ಶುಕ್ರವಾರದೊಳಗೆ ಅಪ್ಪನಿಗೆ ಕಳಿಸು, ಅವರೇ ಇನ್ಶೂರೆನ್ಸ್ ಕಂಪನಿಯ ಅಡ್ಜಸ್ಟರಿಗೆ ಫಾರ್ವರ್ಡ್ ಮಾಡುತ್ತಾರೆ. ಬರುವಾಗ ಖಾಲಿ ಸೂಟ್‌ಕೇಸ್ ತಾ. ಕಾರ್ಡಿಗಲ್ಲ, ಅವು ನಿನ್ನ ಹಾಸ್ಟೆಲಿಗೆ ಖಂಡಿತ ಬರಲ್ಲ. ಅಜ್ಜಿ ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ ಎಲ್ಲ ಕಳಿಸಿದ್ದಾರೆ.

ನಿನ್ನ
ಅಮ್ಮ