ಅಪ್ಪನ ಪುಸ್ತಕದಲ್ಲಿ ಇಲ್ಲದ ಎರಡು ಸಾಲು: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದ ಮತದಾರಳು, ಬೈಲಹೊಂಗಲ ಕಡೆಯ ಒಂದು ಹಳ್ಳಿಯವಳು. ರಸ್ತೆ ಕೇಳೋಕೆ ಬರೆಯುತ್ತಿಲ್ಲ. ಯಾರಿಗೂ ಕೆಲಸ ಕೊಡಿಸಿ ಅಂತಲೂ ಅಲ್ಲ. ನನಗೆ ಬೇಕಾಗಿರುವುದು ಎರಡೇ ಸಾಲು. ಅಪ್ಪನ ಮಿಲಿಟರಿ ದಾಖಲೆಯಲ್ಲಿ ಎರಡು ಮೆಡಲಿನ ಆ ಎರಡು ಸಾಲು ಬರೆಯೋದನ್ನು ಯಾರೋ, ಯಾವತ್ತೋ ಬಿಟ್ಟುಬಿಟ್ಟಿದ್ದಾರೆ. ಅದನ್ನು ಸೇರಿಸಿಕೊಡಿ ಅಂತ ವರ್ಷಗಳಿಂದ ಅರ್ಜಿ ಹಾಕುತ್ತಿದ್ದೇನೆ.

ಇದರಿಂದ ಅಪ್ಪನ ಪೆನ್ಷನ್ ಒಂದು ರೂಪಾಯಿಯೂ ಜಾಸ್ತಿ ಆಗಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಎಲ್ಲ ಕೌಂಟರಿನಲ್ಲೂ ಮೊದಲ ಪ್ರಶ್ನೆ ಅದೇ. "ಇದ್ರಿಂದ ಏನ್ ಸಿಗುತ್ತೆ ಮೇಡಂ?"

ಅಪ್ಪ 1964ರಲ್ಲಿ ಸೈನ್ಯ ಸೇರಿದರು. 1962ರಲ್ಲಿ ಚೀನಾದ ಜೊತೆ ಪೆಟ್ಟು ತಿಂದಮೇಲೆ ಸೈನ್ಯಕ್ಕೆ ಭರದಿಂದ ಜನ ತೆಗೆದುಕೊಳ್ಳುತ್ತಿದ್ದ ಕಾಲ ಅದು. ಅಪ್ಪನಿಗೆ ಹದಿನೆಂಟು. ಎತ್ತಿನ ಗಾಡಿ ಬಿಟ್ಟರೆ ಬೇರೇನೂ ಓಡಿಸಿ ಗೊತ್ತಿಲ್ಲ. ಸೈನ್ಯ ಅವರನ್ನು ಡ್ರೈವರ್ ಮಾಡಿತು. ಹದಿನೇಳು ವರ್ಷ ಶಕ್ತಿಮಾನ್ ಟ್ರಕ್ ಓಡಿಸಿ, 1981ರಲ್ಲಿ ನಾಯಕ್ ದರ್ಜೆಯಲ್ಲಿ ನಿವೃತ್ತರಾಗಿ ಊರಿಗೆ ಬಂದರು. ಬಂದವರು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಯಾಕೆ ಅಂತ ಕೇಳಿದರೆ "ಸಾಕಾತು" ಅನ್ನುತ್ತಾರೆ.

ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ನಾಲ್ಕು ಮೆಡಲ್ ಬರೆದಿದ್ದಾರೆ. ರಕ್ಷಾ ಮೆಡಲ್ 1965. ಸಂಗ್ರಾಮ್ ಮೆಡಲ್. 25ನೇ ಸ್ವಾತಂತ್ರ್ಯೋತ್ಸವದ ಮೆಡಲ್. 9 ವರ್ಷದ ದೀರ್ಘ ಸೇವಾ ಮೆಡಲ್. ನಾಲ್ಕೂ ಮನೆಯಲ್ಲಿವೆ. ಅಂಚಿನಲ್ಲಿ ಅಪ್ಪನ ನಂಬರು, ಹೆಸರು ಕೊರೆದಿದೆ. ಆದರೆ ಇವುಗಳನ್ನು ಓದೋದಕ್ಕೆ ಬರುವವರಿಗೆ ಒಂದು ವಿಷಯ ಥಟ್ಟನೆ ಕಾಣುತ್ತದೆ. ಸಂಗ್ರಾಮ್ ಮೆಡಲ್ ಕೊಟ್ಟಿದ್ದು 1971ರ ಯುದ್ಧದ ಅವಧಿಯಲ್ಲಿ ಸೇವೆಯಲ್ಲಿದ್ದವರಿಗೆ, ದೇಶದ ಯಾವ ಮೂಲೆಯಲ್ಲಿದ್ದರೂ ಸರಿ. ನಿಜವಾಗಿ ರಂಗದಲ್ಲಿದ್ದವರಿಗೆ ಬೇರೆ ಇತ್ತು. ಪಶ್ಚಿಮದ ಕಡೆ ಇದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್. ಅಪ್ಪನ ಪುಸ್ತಕದಲ್ಲಿ ಎರಡೂ ಇಲ್ಲ. ಅಂದರೆ ಪುಸ್ತಕದ ಲೆಕ್ಕದಲ್ಲಿ ಯುದ್ಧ ನಡೆಯುವಾಗ ಅಪ್ಪ ಎಲ್ಲೋ ಇದ್ದರು, ಯುದ್ಧದಲ್ಲಂತೂ ಇರಲಿಲ್ಲ.

ಅಪ್ಪ ಇದ್ದದ್ದು ತ್ರಿಪುರಾದಲ್ಲಿ. ಆಗ ತ್ರಿಪುರಾಕ್ಕೆ ರೈಲು ಬರುತ್ತಿದ್ದದ್ದು ಧರ್ಮನಗರದವರೆಗೆ ಮಾತ್ರ. ಅಲ್ಲಿಂದ ಅಗರ್ತಲಾ ಕಡೆಗೆ ಏನೇ ಹೋಗಬೇಕಿದ್ದರೂ ಲಾರಿಯಲ್ಲೇ ಹೋಗಬೇಕು. ಮದ್ದುಗುಂಡು, ಪೆಟ್ರೋಲ್ ಪೀಪಾಯಿ, ಹಿಟ್ಟು, ಸೇತುವೆಯ ಸಾಮಾನು, ಎಲ್ಲವೂ. ಒಂದು ಬೆಟ್ಟ ಇಳಿದರೆ ಇನ್ನೊಂದು ಬೆಟ್ಟ, ಅಠಾರಮುರಾ ದಾಟಿ ತೆಲಿಯಾಮುರಾ. ಜನರಲ್ ಸಗತ್ ಸಿಂಗರ 4ನೇ ಕೋರ್ ಅನ್ನೋ ದೊಡ್ಡ ಸೇನಾಪಡೆ ಅಲ್ಲೇ ಬೀಡು ಬಿಟ್ಟಿತ್ತು. ಅವರ ಸೈನಿಕರು ಈಗಿನ ಬಾಂಗ್ಲಾದೇಶದ ಮೇಘನಾ ನದಿಯನ್ನು ಹೆಲಿಕಾಪ್ಟರಿನಲ್ಲಿ ದಾಟಿದ್ದನ್ನು ಎಲ್ಲರೂ ಹೇಳುತ್ತಾರೆ. ಹೇಳಬೇಕಾದ್ದೇ. ಆದರೆ ಆ ಸೈನಿಕರ ರೈಫಲ್ಲಿನಲ್ಲಿದ್ದ ಗುಂಡು ಆ ದಾರಿಯಲ್ಲಿ ಬಂದಿದ್ದು, ಅಲ್ವಾ? ಹೆಡ್‌ಲೈಟಿನ ಮೇಲೆ ಕಪ್ಪು ಬಳಿದು, ಮುಂದಿನ ಗಾಡಿಯ ಹಿಂಬದಿಯ ಸಣ್ಣ ದೀಪವನ್ನೇ ನೋಡುತ್ತಾ ಓಡಿಸುತ್ತಿದ್ದರಂತೆ. ಅಪ್ಪನ ಪಕ್ಕದಲ್ಲಿ ಕೂರುತ್ತಿದ್ದದ್ದು ಒಬ್ಬ ತಮಿಳು ಹುಡುಗ. ಅಪ್ಪನಿಗೆ ನಿದ್ದೆ ಬರಬಾರದು ಅಂತ ರಾತ್ರಿಯೆಲ್ಲ ಹಾಡುತ್ತಿದ್ದನಂತೆ. ಅಪ್ಪನಿಗೆ ಇವತ್ತಿಗೂ ಅರ್ಥ ಗೊತ್ತಿಲ್ಲದ ನಾಲ್ಕು ತಮಿಳು ಹಾಡು ಬಾಯಿಪಾಠ.

ಹಾಗಾದರೆ ದಾಖಲೆಯಲ್ಲಿ ಯಾಕಿಲ್ಲ? ಇದನ್ನು ಅರ್ಥ ಮಾಡಿಕೊಳ್ಳೋಕೆ ನನಗೇ ಎರಡು ವರ್ಷ ಬೇಕಾಯಿತು. ಸೈನ್ಯದಲ್ಲಿ ಅಧಿಕಾರಿಗಳ ದಾಖಲೆ ದೆಹಲಿಯಲ್ಲಿರುತ್ತದೆ. ಜವಾನರದು ಅವರವರ ರೆಜಿಮೆಂಟಿನ ಅಥವಾ ಕೋರಿನ ರೆಕಾರ್ಡ್ ಆಫೀಸಿನಲ್ಲಿ. ಜವಾನನ ಬದುಕಿನಲ್ಲಿ ಏನೇ ಆದರೂ, ಮದುವೆ, ಮಗು, ಬಡ್ತಿ, ವರ್ಗಾವಣೆ, ಮೆಡಲ್, ಎಲ್ಲವನ್ನೂ ಯೂನಿಟ್‌ನವರು ಪಾರ್ಟ್ ಟು ಆರ್ಡರ್ ಅಂತ ಒಂದು ಕಾಗದದಲ್ಲಿ ಬರೆದು ಕಳಿಸುತ್ತಾರೆ. ಅದನ್ನು ನೋಡಿ ರೆಕಾರ್ಡ್ ಆಫೀಸು ಆತನ ಶೀಟ್ ರೋಲಿನಲ್ಲಿ, ಅಂದರೆ ಸೇವೆಯ ದಾಖಲೆಯಲ್ಲಿ, ಒಂದು ಸಾಲು ಸೇರಿಸುತ್ತದೆ. ಆ ಕಾಗದ ಬರದಿದ್ದರೆ ಸಾಲು ಇಲ್ಲ. ಮೆಡಲ್ಲೂ ಇಲ್ಲ.

ಅಪ್ಪ ಯುದ್ಧದ ಹೊತ್ತಿಗೆ ಸ್ವಂತ ಯೂನಿಟ್‌ನಲ್ಲಿ ಇರಲಿಲ್ಲ. ಡ್ರೈವರ್ ಕಡಿಮೆ ಬಿದ್ದರು ಅಂತ ಬೇರೊಂದು ಕಂಪನಿಗೆ ಅಟ್ಯಾಚ್ ಮಾಡಿ ಪೂರ್ವಕ್ಕೆ ಕಳಿಸಿದ್ದರು. ಯುದ್ಧ ಮುಗಿದು ಆ ಕಂಪನಿ ತನ್ನ ಹುಡುಗರ ಹೆಸರಿನ ಪಟ್ಟಿ ಮಾಡಿದಾಗ ಅಪ್ಪ ವಾಪಸ್ ಹೊರಟಿದ್ದರು. ಸ್ವಂತ ಯೂನಿಟ್ಟೋ, ಅದು ಯುದ್ಧಕ್ಕೆ ಹೋಗಿಯೇ ಇರಲಿಲ್ಲ, ಪಟ್ಟಿ ಯಾಕೆ ಮಾಡುತ್ತೆ? ಗಂಡನ ಮನೆಯವರು ತವರಿನವರು ನೋಡಿಕೊಳ್ಳುತ್ತಾರೆ ಅಂದುಕೊಂಡರು, ತವರಿನವರು ಗಂಡನ ಮನೆಯವರು ಅಂದುಕೊಂಡರು. ಅಷ್ಟೇ ಕಥೆ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಯುದ್ಧ ಮುಗಿದ ಗಡಿಬಿಡಿಯಲ್ಲಿ ಒಂದು ಹೆಸರು ಬಿಟ್ಟುಹೋಗುವುದು ದೊಡ್ಡ ಪಾಪವಲ್ಲ. ಐವತ್ತು ವರ್ಷ ಆದಮೇಲೆ ತೋರಿಸಿಕೊಟ್ಟರೂ ತಿದ್ದಲ್ಲ ಅನ್ನೋದಕ್ಕೆ ಸಿಟ್ಟು.

ಇದು ನಮಗೆ ಗೊತ್ತಾದದ್ದು 2021ರಲ್ಲಿ. ಯುದ್ಧಕ್ಕೆ ಐವತ್ತು ತುಂಬಿತು ಅಂತ ದೇಶವೆಲ್ಲ ಸ್ವರ್ಣಿಮ ವಿಜಯ ವರ್ಷ ಮಾಡಿದರಲ್ಲ, ನಮ್ಮ ಕಡೆಯೂ ಒಂದು ಸಣ್ಣ ಸಮಾರಂಭ ಆಯಿತು. ಅಪ್ಪನಿಗೆ ಪೇಟ ಸುತ್ತಿ, ಶಾಲು ಹೊದಿಸಿ, ಮೈಕಿನಲ್ಲಿ "ಪೂರ್ವ ರಂಗದ ವೀರ ಯೋಧ" ಅಂದರು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ನಿವೃತ್ತ ಸುಬೇದಾರರು. ಅವರು ಅಪ್ಪನ ಮುಖ ನೋಡಲಿಲ್ಲ, ಎದೆ ನೋಡಿದರು. ಮಿಲಿಟರಿಯವರು ಹಾಗೇ, ಎದೆ ಮೇಲಿನ ರಿಬ್ಬನ್ ಓದುತ್ತಾರೆ, ನಾವು ಬಸ್ಸಿನ ಬೋರ್ಡ್ ಓದಿದ ಹಾಗೆ. "ಪೂರ್ವಿ ಎಲ್ಲಿ?" ಅಂದರು. ಅಪ್ಪ "ಬಂದಿಲ್ರಿ" ಅಂದರು. ಸುಬೇದಾರರು ಮತ್ತೇನೂ ಕೇಳಲಿಲ್ಲ. ಆ ಕೇಳದೇ ಇದ್ದದ್ದಿದೆಯಲ್ಲ, ಅದು ಅಪ್ಪನಿಗೆ ಬಹಳ ನಾಟಿತು. ಮನೆಗೆ ಬಂದವರೇ ಶಾಲು ಮಡಚಿ ಇಟ್ಟು, ಊಟ ಮಾಡದೆ ಮಲಗಿದರು.

ನನ್ನ ತಮ್ಮ ಮಾರನೆಯ ವಾರವೇ ಒಂದು ಅಂಗಡಿಯಿಂದ ಪೂರ್ವಿ ಸ್ಟಾರಿನ ನಕಲು ತಂದ. ಮಿಲಿಟರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಅಸಲಿ ಮೆಡಲ್ ಬರುವುದು ತಡವಾಗುತ್ತೆ ಅಂತ ಸೇವೆಯಲ್ಲಿರುವವರೂ ಅಲ್ಲೇ ಕೊಳ್ಳುತ್ತಾರೆ, ಅದೇನು ಗುಟ್ಟಲ್ಲ. ಅಪ್ಪ ಅದನ್ನು ಮುಟ್ಟಲಿಲ್ಲ. "ಬುಕ್ಕಿನ್ಯಾಗ ಇಲ್ದದ್ದು ಎದಿ ಮ್ಯಾಲ ಯಾಕ?" ಅಂದರು. ಅವತ್ತು ನಾನು ಮೊದಲ ಅರ್ಜಿ ಬರೆದೆ.

ಮೊದಲ ಉತ್ತರ ಬರೋಕೆ ಐದು ತಿಂಗಳು. ಒಂದೇ ವಾಕ್ಯ. ದಾಖಲೆಯಲ್ಲಿ ಪಾರ್ಟ್ ಟು ಆರ್ಡರ್ ಇಲ್ಲದ ಕಾರಣ ಮೆಡಲ್ ಮಂಜೂರು ಮಾಡಲಾಗದು. ನಾನು ಮೂರು ಸಲ ಓದಿದೆ. ದಾಖಲೆಯಲ್ಲಿ ಇಲ್ಲ ಅಂತ ತಾನೇ ಅರ್ಜಿ ಹಾಕಿದ್ದು? ದಾಖಲೆಯಲ್ಲಿ ಇದ್ದಿದ್ದರೆ ಅರ್ಜಿ ಯಾಕೆ ಹಾಕುತ್ತಿದ್ದೆ? ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್ಲಿನಲ್ಲಿ ದೂರು ಹಾಕಿದೆ. ಅದೇ ಕಚೇರಿಗೆ ಹೋಯಿತು, ಅದೇ ವಾಕ್ಯ ಬಂತು, ದೂರು ಕ್ಲೋಸ್. ನನ್ನ ಮೊಬೈಲಿಗೆ ಮೆಸೇಜು, ನಿಮಗೆ ತೃಪ್ತಿಯಾಯಿತೇ ಅಂತ.

ಆಮೇಲೆ ಆರ್‌ಟಿಐ ಹಾಕಿ ಶೀಟ್ ರೋಲಿನ ಜೆರಾಕ್ಸ್ ತರಿಸಿದೆ. ಸುಳ್ಳು ಹೇಳಬಾರದು, ಅದು 30 ದಿನದೊಳಗೇ ಬಂತು. ಅದರಲ್ಲಿ 1971ರ ಅಕ್ಟೋಬರಿನ ಎದುರು ನೀಲಿ ಶಾಯಿಯಲ್ಲಿ "ಅಟ್ಯಾಚ್ಡ್" ಅಂತ ಬರೆದಿದೆ. 1972ರ ಜನವರಿಯ ಎದುರು "ರಿಜಾಯ್ನ್ಡ್" ಅಂತ ಇದೆ. ಮಧ್ಯೆ ಯಾವ ಕಂಪನಿ? ಅದರ ನಂಬರು ಬರೆದಿದ್ದಾರೆ, ಸರಿಯಾಗಿ ಅದರ ಮೇಲೇ ಫೈಲು ಕಟ್ಟುವ ತೂತು ಬಿದ್ದಿದೆ. ಮೂರಂಕಿಯ ನಂಬರು. ಕೊನೆಯದು 4 ಅಂತ ಕಾಣುತ್ತೆ. ಮೊದಲಿನ ಎರಡು ತೂತಿನಲ್ಲಿ ಹೋಗಿವೆ. ನನ್ನ ಅಪ್ಪನ ಯುದ್ಧ ಆ ತೂತಿನಲ್ಲಿದೆ, ಸಂಸದರೇ.

ಇನ್ನೊಂದು ಸಾಲಿನ ಕಥೆ ಇನ್ನೂ ಸುಲಭ. 1968ರಿಂದ 1970ರವರೆಗೆ ಅಪ್ಪ ಲೇಹ್‌ನಲ್ಲಿದ್ದರು. ಅದು ಶೀಟ್ ರೋಲಿನಲ್ಲಿ ತಾರೀಖು ಸಮೇತ ಇದೆ, ತೂತು ಕೂಡ ಇಲ್ಲ. ಅಂಥ ಜಾಗದಲ್ಲಿ ಸೇವೆ ಮಾಡಿದವರಿಗೆ ಸೈನ್ಯ ಸೇವಾ ಮೆಡಲ್, ಅದರ ರಿಬ್ಬನ್ ಮೇಲೆ ಜಾಗದ ಹೆಸರಿನ ಒಂದು ಪಟ್ಟಿ ಕೊಡುತ್ತಿದ್ದರು. ಅಪ್ಪನಿಗೆ ಬಂದಿಲ್ಲ. ಕೇಳಿದರೆ, ಆಗ ಯೂನಿಟ್‌ನಿಂದ ಕ್ಲೇಮ್ ಬಂದಿಲ್ಲ ಅನ್ನುತ್ತಾರೆ. ತಾರೀಖು ಅವರ ಕೈಯಲ್ಲೇ ಇರುವಾಗ ಕ್ಲೇಮ್ ಯಾರು ಯಾರಿಗೆ ಮಾಡಬೇಕು?

ಪುರಾವೆ ಕೊಡಿ ಅಂದರು. ಜೊತೆಯಲ್ಲಿದ್ದ ಇಬ್ಬರ ಅಫಿಡವಿಟ್ ಕೊಡಿ ಅಂದರು. ತಮಿಳು ಹಾಡಿನ ಆ ಹುಡುಗ ಸಿಗಬಹುದೇನೋ ಅಂತ ಹಳೆಯ ವಿಳಾಸಕ್ಕೆ ಬರೆದೆ. ಮಗ ಉತ್ತರ ಬರೆದ. ಅವರು ತೀರಿಹೋಗಿ ನಾಲ್ಕು ವರ್ಷ ಆಗಿತ್ತು.

ಆಗ ಅವ್ವ ತನ್ನ ಟ್ರಂಕಿನಿಂದ ಒಂದು ಇನ್‌ಲ್ಯಾಂಡ್ ಪತ್ರ ತೆಗೆದಳು. ಅಪ್ಪ ಅಜ್ಜನಿಗೆ ಬರೆದದ್ದು. ಮಿಲಿಟರಿ ಅಂಚೆಯ ಗುಂಡು ಮುದ್ರೆ, 22 ನವೆಂಬರ್ 1971. ಕಳಿಸಿದವರ ವಿಳಾಸದಲ್ಲಿ ಊರಿನ ಹೆಸರಿಲ್ಲ, ಇರಲೂಬಾರದು. ಬರೀ ಕೇರಾಫ್ 99 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಮಿಲಿಟರಿ ಮನೆಯವರಿಗೆ ಇದು ಗೊತ್ತು. ಪಶ್ಚಿಮ, ಉತ್ತರದ ಕಡೆಗೆ 56 ಎಪಿಒ, ಪೂರ್ವದ ಕಡೆಗೆ 99. ಪತ್ರದೊಳಗೆ ಯುದ್ಧದ ಸುದ್ದಿ ಒಂದಕ್ಷರ ಇಲ್ಲ. "ನಾ ಇಲ್ಲಿ ಆರಾಮ ಅದೀನಿ. ದಾರಿ ಭಾಳ ಕೆಟ್ಟೈತಿ. ಹತ್ತಿ ಮಾರಿದ್ರೇನು? ಬಿಳಿ ಎತ್ತಿನ ಕಾಲು ಹೆಂಗೈತಿ?" ಇಷ್ಟೇ. ಇದರ ನಕಲನ್ನು ಅರ್ಜಿಗೆ ಲಗತ್ತಿಸಿದೆ. ಖಾಸಗಿ ಪತ್ರವನ್ನು ಪುರಾವೆಯಾಗಿ ಪರಿಗಣಿಸಲಾಗದು ಅಂತ ಬಂತು. ಮುದ್ರೆ ಒತ್ತಿದ್ದು ಸೈನ್ಯದ್ದೇ ಅಂಚೆ, ಅದನ್ನು ಯಾರೂ ನೋಡಲಿಲ್ಲ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1973ರ ಜುಲೈನಲ್ಲಿ ಸೈನಿಕರ ದಾಖಲೆ ಇಟ್ಟಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಫೈಲು ಸುಟ್ಟುಹೋದವು. ಸಂಬಳದ ಚೀಟಿ, ಆಸ್ಪತ್ರೆಯ ರಿಜಿಸ್ಟರ್, ಸಿಕ್ಕಿದ್ದನ್ನೆಲ್ಲ ಹುಡುಕಿ ಇವತ್ತಿಗೂ ಅವುಗಳನ್ನು ಜೋಡಿಸಿಕೊಡುತ್ತಾರೆ. ನಮ್ಮಲ್ಲಿ ಬೆಂಕಿ ಬಿದ್ದಿಲ್ಲ. ಬರೀ ತೂತು ಬಿದ್ದಿದೆ.

ಆ ತೂತು ತುಂಬುವ ಕಾಗದ ಸರ್ಕಾರದ ಹತ್ತಿರವೇ ಇದೆ. ಯುದ್ಧದಲ್ಲಿ ಯೂನಿಟ್‌ಗಳು ದಿನದಿನದ ವಿವರವನ್ನು ವಾರ್ ಡೈರಿ ಅಂತ ಬರೆಯುತ್ತವೆ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವರೇ ಒಂದು ನೀತಿಗೆ ಒಪ್ಪಿಗೆ ಕೊಟ್ಟರು. ಸಾಮಾನ್ಯವಾಗಿ 25 ವರ್ಷಕ್ಕೆ ಇಂಥ ದಾಖಲೆಗಳ ಗುಟ್ಟು ಬಿಡಿಸಬೇಕು ಅಂತ. 1971ಕ್ಕೆ 25 ವರ್ಷ ಆಗಿದ್ದು ಯಾವಾಗ, ಲೆಕ್ಕ ಹಾಕಿ. ತ್ರಿಪುರಾದಲ್ಲಿ ಆಗ ಇದ್ದ ಸಾಗಾಟದ ಕಂಪನಿಗಳಲ್ಲಿ 4ರಲ್ಲಿ ಮುಗಿಯುವ ನಂಬರು ಎಷ್ಟಿರಬಹುದು? ಒಂದೋ ಎರಡೋ. ಒಬ್ಬ ಗುಮಾಸ್ತರಿಗೆ ಒಂದು ಮಧ್ಯಾಹ್ನದ ಕೆಲಸ. ನಾನು ಹೋಗಿ ನೋಡುವಂತಿಲ್ಲ, ಅವರು ನೋಡುತ್ತಿಲ್ಲ.

ಸೇನಾ ನ್ಯಾಯಮಂಡಳಿಗೆ ಹೋಗಿ ಅಂತ ಒಬ್ಬರು ಸಲಹೆ ಕೊಟ್ಟರು. ಎಂಬತ್ತರ ಹತ್ತಿರದ ಮುದುಕ ಒಂದು ರಿಬ್ಬನ್ನಿಗಾಗಿ ವಕೀಲರನ್ನು ಹಿಡಿದು ಊರೂರು ಅಲೆಯಬೇಕಾ? ಅಪ್ಪ ಒಪ್ಪಲಿಲ್ಲ. "ಸೈನ್ಯದ ಮ್ಯಾಲ ಕೇಸ್ ಹಾಕೂದಿಲ್ಲ" ಅಂದರು. ಅದು ಅವರ ಹಟ. ಆ ಹಟದ ಬೆಲೆ ನಿಮಗೆ ಗೊತ್ತಾಗುತ್ತದೆ ಅಂತ ನಂಬಿ ಬರೆಯುತ್ತಿದ್ದೇನೆ.

ನೀವು ಮಾಡಬಹುದಾದದ್ದು ಇದೆ. ಅಪ್ಪನ ಕಾಗದಗಳಿಗೆ ನಿಮ್ಮದೊಂದು ಪತ್ರ ಇಟ್ಟು ರಕ್ಷಣಾ ಸಚಿವರಿಗೆ ಕಳಿಸಿ. ಸಂಸದರ ಪತ್ರ ಅಂದರೆ ಅದಕ್ಕೊಂದು ಡೈರಿ ನಂಬರ್ ಬೀಳುತ್ತದೆ, ನನ್ನ ಪತ್ರದ ಹಾಗೆ ಸುಮ್ನೆ ಕ್ಲೋಸ್ ಆಗಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಲೋಕಸಭೆಯಲ್ಲಿ 377ನೇ ನಿಯಮದ ಅಡಿ ನೀವು ಈ ವಿಷಯ ಎತ್ತಬಹುದು. ಕೇಳಬೇಕಾದದ್ದು ಇಷ್ಟು: 1965, 1971ರ ಸೈನಿಕರ ಶೀಟ್ ರೋಲಿನಲ್ಲಿ ಮೆಡಲ್ ಸಿಗುವ ಜಾಗಕ್ಕೆ ಹೋದ ನಮೂದು ಇದ್ದರೆ, ರೆಕಾರ್ಡ್ ಆಫೀಸು ತಾನೇ ಪಾರ್ಟ್ ಟು ಆರ್ಡರ್ ಹೊರಡಿಸಲಿ. ನಮೂದು ಅರ್ಧ ಇದ್ದರೆ ವಾರ್ ಡೈರಿ ತೆಗೆದು ನೋಡುವ ಕೆಲಸ ಕಚೇರಿಯದ್ದು ಅಂತ ಲಿಖಿತ ಆದೇಶ ಬರಲಿ. ಪುರಾವೆ ಇರುವುದು ಅವರ ಕಪಾಟಿನಲ್ಲಿ, ತರಬೇಕಾದವರು ನಾವು. ಇದು ತಿರುಗಬೇಕು.

ಬೇಗ ಅಂದರೆ ಬೇಗ ಆಗಬೇಕು. ಪೆನ್ಷನ್ ಇಲ್ಲದೆ ಬಿಟ್ಟುಬಂದವರ ಸೇವಾ ಕಾಗದಗಳನ್ನು 25 ವರ್ಷ ಆದಮೇಲೆ ನಾಶ ಮಾಡುವ ನಿಯಮವೇ ಇದೆ. ಅವರಿಗೆ ತೂತು ಬಿದ್ದ ಜೆರಾಕ್ಸ್ ಕೂಡ ಸಿಗಲ್ಲ. ನಮ್ಮ ಪಕ್ಕದ ಊರಿನ ಒಬ್ಬ ಹೆಂಗಸಿನ ಗಂಡ 1987ರ ನಂತರ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿದ್ದವರು. ಅವರ ಮೆಡಲ್ಲೂ ಬಂದಿಲ್ಲ. ನನ್ನ ಓಡಾಟ ನೋಡಿ ಆಕೆ "ನಮ್ಮದೂ ಒಂದು ಬರೀರಿ" ಅಂತ ಫೈಲು ತಂದುಕೊಟ್ಟಿದ್ದಾಳೆ. ಅದು ನನ್ನ ಮೇಜಿನ ಮೇಲಿದೆ. ನಮ್ಮದೇ ಆಗದೆ ಅದನ್ನು ಬಿಚ್ಚೋಕೆ ನನಗೆ ಧೈರ್ಯ ಇಲ್ಲ.

ಶೀಟ್ ರೋಲ್, ಡಿಸ್ಚಾರ್ಜ್ ಬುಕ್, ಬಂದ ಉತ್ತರಗಳು, ಎಲ್ಲದರ ಪ್ರತಿ ನಿಮ್ಮ ಕಚೇರಿಗೆ ಬೇರೆ ಕಳಿಸಿದ್ದೇನೆ. ಇನ್‌ಲ್ಯಾಂಡ್ ಪತ್ರದ ನಕಲೂ ಅದರಲ್ಲಿದೆ. ಅಸಲು ಮಾತ್ರ ಕೊಡಲು ಆಗಲ್ಲ, ಅವ್ವ ಟ್ರಂಕಿನಿಂದ ಹೊರಗೆ ಬಿಡುತ್ತಿಲ್ಲ. ನೋಡಬೇಕು ಅನಿಸಿದರೆ ಮನೆಗೇ ಬನ್ನಿ. ಅಪ್ಪ ಮಧ್ಯಾಹ್ನ ಮಲಗುತ್ತಾರೆ, ನಾಲ್ಕರ ಮೇಲೆ ಬಂದರೆ ಒಳ್ಳೆಯದು.

ಇಂತಿ,
ಒಬ್ಬ ಲಾರಿ ಡ್ರೈವರನ ಮಗಳು