ಆಯಿಗೆ, ಅಪ್ಪನ ಸಕ್ಕರೆಯ ವಿಷಯ

ಸ್ಯಾನ್ ಆಂಟೋನಿಯೋ, ಟೆಕ್ಸಾಸ್
ಆಗಸ್ಟ್, ಭಾನುವಾರ ರಾತ್ರಿ

ಪ್ರೀತಿಯ ಆಯಿಗೆ,

ನಮಸ್ಕಾರ. ನಾನು ಆರಾಮ. ಅಕ್ಕನ ಮೈದುನ ತಂದ ಪೊಟ್ಟಣ ಸಿಕ್ಕಿತು. ಹಪ್ಪಳ ಒಂದೂ ಮುರಿದಿಲ್ಲ, ಕೋಕಂ ಕೂಡ ಸರಿಯಾಗಿ ಬಂತು.

ನಿನ್ನ ಪತ್ರ ಓದಿದೆ. ಎರಡು ಪುಟ ತುಂಬ ಬಾವಿಯ ಪಂಪು, ಅತ್ತೆಯ ಮಂಡಿನೋವು, ಬಂಡಿಹಬ್ಬಕ್ಕೆ ಬಂದ ನೆಂಟರು, ಇಶಾಡು ಮಾವು ಈ ಸಲ ಕಡಿಮೆ ಬಿಟ್ಟಿದ್ದು. ಜಾಗ ಮುಗಿದ ಮೇಲೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೀ: ‘ಅಪ್ಪನ ಸಕ್ಕರೆ ಖಾಲಿ ಹೊಟ್ಟೆಗೆ 218 ಬಂತು, ಕಾಲಿಗೆ ಸಣ್ಣ ಗಾಯ, ಮಾಯ್ತಾ ಇಲ್ಲ, ನೀನು ಚಿಂತೆ ಮಾಡಬೇಡ.’ ಇಂಥದ್ದನ್ನು ಅಂಚಿನಲ್ಲಿ ಬರೆಯುವುದಾ ಆಯಿ? ಫೋನ್ ಮಾಡಿದರೆ ಅಪ್ಪ ನಿನ್ನ ಪಕ್ಕದಲ್ಲೇ ಕೂತಿರುತ್ತಾನೆ. ನಾನು ಕೇಳುವ ಮೊದಲೇ ‘ಎಲ್ಲ ಸಮ ಇದೆ’ ಅಂತ ಅಲ್ಲಿಂದಲೇ ಕೂಗುತ್ತಾನೆ. ಅದಕ್ಕೇ ಬರೆದು ಪುಟ್ಟನ ಫೋನಿಗೆ ಹಾಕುತ್ತಿದ್ದೇನೆ. ಅಪ್ಪ ಪೇಟೆಗೆ ಹೋದಾಗ ಓದಿಸಿಕೋ.

ಖಾಲಿ ಹೊಟ್ಟೆಗೆ 126 ದಾಟಿದರೇ ಸಕ್ಕರೆ ಕಾಯಿಲೆ ಅನ್ನುತ್ತಾರೆ. 218 ಅಂದರೆ ‘ಸ್ವಲ್ಪ ಜಾಸ್ತಿ’ ಅಲ್ಲ. ಎಚ್‌ಬಿಎ1ಸಿ ಅಂತ ಒಂದು ರಕ್ತ ಪರೀಕ್ಷೆ ಇದೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಅದನ್ನು ಮಾಡಿಸಿದ್ದಾರಾ? ಹಿಂದಿನ ದಿನ ಉಪವಾಸ ಮಾಡಿ ಅದನ್ನು ಮೋಸ ಮಾಡಲಿಕ್ಕೆ ಆಗುವುದಿಲ್ಲ. ಅಪ್ಪ ಪರೀಕ್ಷೆಯ ಮೊದಲ ರಾತ್ರಿ ಗಂಜಿ ಬಿಡುತ್ತಾನೆ ಅಂತ ನನಗೆ ಗೊತ್ತಿಲ್ಲವಾ?

ಈಗ ಒಂದು ಮಾತು ಹೇಳುತ್ತೇನೆ, ಹೆದರಬೇಡ. ಪಕ್ಕದ ಮನೆಯಾಕೆಯ ವಿಷಯ ಹೇಳಿದ್ದೆನಲ್ಲ, ಮೆಕ್ಸಿಕೋದ ಪುಯೆಬ್ಲಾ ಕಡೆಯವಳು, ನಿನ್ನಷ್ಟೇ ವಯಸ್ಸು. ನಾನು ಕೊಟ್ಟ ಬಂಗಡೆ ಸಾರನ್ನು ಬೆರಳು ಚೀಪಿಕೊಂಡು ತಿಂದವಳು. ಕಳೆದ ವಾರ ಅವಳ ಅಡುಗೆಮನೆಯಲ್ಲಿ ಕೂತಿದ್ದೆ. ಪೊಬ್ಲಾನೊ ಅಂತ ಒಂದು ಮೆಣಸು, ಅಂಗೈ ಉದ್ದ, ಕಡು ಹಸಿರು, ಖಾರ ಅಷ್ಟೇನಿಲ್ಲ. ಅದನ್ನು ಗ್ಯಾಸಿನ ಉರಿಯ ಮೇಲೇ ಇಟ್ಟು, ನಾವು ಬದನೆ ಸುಟ್ಟ ಹಾಗೆ, ತಿರುಗಿಸಿ ತಿರುಗಿಸಿ ಕಪ್ಪಗೆ ಸುಟ್ಟಳು. ಪಾತ್ರೆಗೆ ಹಾಕಿ ಮೇಲೆ ತಟ್ಟೆ ಮುಚ್ಚಿದಳು. ಹಬೆಗೆ ಸಿಪ್ಪೆ ಸಡಿಲ ಆಗುತ್ತದೆ. ಆಮೇಲೆ ಬೆರಳಲ್ಲೇ ಉಜ್ಜಿ ಸಿಪ್ಪೆ ತೆಗೆಯುತ್ತಾ, ಸುಮ್ನೆ ಮಾತಿಗೆ ಅನ್ನುವ ಹಾಗೆ, ಗಂಡನಿಗೆ ಎಡಗಾಲಿನ ಎರಡು ಬೆರಳು ಇಲ್ಲ ಅಂದಳು. ಸಕ್ಕರೆ ಕಾಯಿಲೆ. ಬೂಟಿನೊಳಗೆ ಕಲ್ಲು ಸೇರಿದ್ದು ದಿನವಿಡೀ ಗೊತ್ತೇ ಆಗಿರಲಿಲ್ಲವಂತೆ. ಸಕ್ಕರೆ ಜಾಸ್ತಿ ಇದ್ದವರಿಗೆ ಪಾದದ ಸ್ಪರ್ಶ ಕಡಿಮೆಯಾಗುತ್ತದೆ, ರಕ್ತ ಓಡುವುದೂ ಕಡಿಮೆ. ನೋವಿಲ್ಲ ಅಂತ ಬಿಟ್ಟ ಗಾಯವೇ ಕೆಡುವುದು.

ಈ ಭಾಗವನ್ನು ಅಪ್ಪನಿಗೂ ಓದಿಸು. ‘ನೋವೇ ಇಲ್ಲ, ಎಂತಕ್ಕೆ ಡಾಕ್ಟರು’ ಅಂತ ಅವನು ಅಂದೇ ಅನ್ನುತ್ತಾನೆ. ನೋವಿಲ್ಲದಿರುವುದೇ ನನಗೆ ಹೆದರಿಕೆ ಅಂತ ಹೇಳು. ಗಾಯ ಯಾವ ಕಾಲಿಗೆ, ಎಷ್ಟು ದಿನದಿಂದ, ಕೀವು ಇದೆಯಾ, ಸುತ್ತ ಬಣ್ಣ ಬದಲಾಗಿದೆಯಾ, ಇದೊಂದನ್ನೂ ನೀನು ಬರೆದಿಲ್ಲ. ಅರಿಶಿನ ಮೆತ್ತಿ ಕೂರಬೇಡಿ. ನಾಳೆಯೇ ತೋರಿಸಿ. ನಮ್ಮ ಜಿಲ್ಲೆಯವರಿಗೆ ದೊಡ್ಡದೇನಾದರೂ ಬಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುವುದು ತಪ್ಪಿದ್ದಲ್ಲ, ಅದು ಗೊತ್ತು. ಆದರೆ ಮೊದಲು ಕಾರವಾರದ ಮೆಡಿಕಲ್ ಕಾಲೇಜಿಗೆ ಹೋಗಿ. ಅವರು ಮುಂದೆ ಹೋಗಿ ಅಂದರೆ ಮಣಿಪಾಲ. ಬಸ್ಸಿನಲ್ಲಿ ಬೇಡ, ಕಾರು ಮಾಡಿ, ದುಡ್ಡು ನಾನು ಹಾಕುತ್ತೇನೆ. ಗದ್ದೆಗೆ ಬರಿಗಾಲಲ್ಲಿ ಇಳಿಯುವುದು ಇನ್ನು ಬಂದ್.

ಊಟಕ್ಕೆ ಬರುತ್ತೇನೆ. ‘ಅನ್ನ ಬಿಟ್ಟು ಬದುಕಿ ಎಂತ ಮಾಡುವುದು’ ಅಂದನಂತೆ. ಪೂರ್ತಿ ಬಿಡಿ ಅಂತ ನಾನೂ ಹೇಳುವುದಿಲ್ಲ. ಮಧ್ಯಾಹ್ನ ಮೀನುಸಾರಿನ ಜೊತೆ ಒಂದು ಹಿಡಿ ಇರಲಿ. ರಾತ್ರಿಯದ್ದು ಬದಲಾಗಬೇಕು. ಬೇಯಿಸಿದ ಅನ್ನ 100 ಗ್ರಾಂ ತೂಗಿದರೆ ಅದರಲ್ಲಿ ಸುಮಾರು 28 ಗ್ರಾಂ ಪಿಷ್ಟ, ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುವುದು. ಅಪ್ಪನ ತಟ್ಟೆಯ ಗುಡ್ಡ 300 ಗ್ರಾಂಗೆ ಕಡಿಮೆ ಇರಲಿಕ್ಕಿಲ್ಲ. ಕುಚ್ಚಲಕ್ಕಿ ಆದರೂ ಅಕ್ಕಿ ಅಕ್ಕಿಯೇ, ಏರುವುದು ಸ್ವಲ್ಪ ನಿಧಾನ, ಅಷ್ಟೇ. ಎಲ್ಲರೂ ಹೇಳುವ ಚಪಾತಿಯೂ ಅಮೃತವಲ್ಲ, ಎರಡು ತಿಂದರೆ 30 ಗ್ರಾಂ ದಾಟುತ್ತದೆ. ಹೂಕೋಸಿನಲ್ಲಿ 100 ಗ್ರಾಂಗೆ 5 ಗ್ರಾಂ, ಕ್ಯಾಪ್ಸಿಕಂನಲ್ಲೂ ಹೆಚ್ಚುಕಡಿಮೆ ಅಷ್ಟೇ.

ಆ ಪೊಬ್ಲಾನೊ ಅಡುಗೆಯ ಹೆಸರು ಚಿಲೆ ರೆಯೆನೊ. ಸರಿಯಾದ ಕ್ರಮದಲ್ಲಿ ಮಾಡಿದರೆ ಮೆಣಸಿನ ಹೊಟ್ಟೆಗೆ ಚೀಸ್ ತುಂಬಿ, ಹಿಟ್ಟು ಸವರಿ, ನೊರೆ ಬರುವ ಹಾಗೆ ಕಡೆದ ಮೊಟ್ಟೆಯಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದು, ಟೊಮೇಟೊ ರಸದಲ್ಲಿ ಇಡುತ್ತಾರೆ. ಪಕ್ಕದಲ್ಲಿ ಅನ್ನ, ಬೀನ್ಸ್. ಗಂಡನ ಬೆರಳು ಹೋದ ಮೇಲೆ ಇವಳು ಹಿಟ್ಟು, ಕರಿಯುವುದು, ಅನ್ನ ಎಲ್ಲ ಬಿಟ್ಟಳು. ಈಗ ಒಳಗೆ ತುಂಬುವುದು ಹೂಕೋಸಿನ ತುರಿ ಮತ್ತು ಸಿಗಡಿ. ನಾನೂ ರಾತ್ರಿ ಹೆಚ್ಚಾಗಿ ಇದನ್ನೇ ಮಾಡಿಕೊಳ್ಳುತ್ತಿದ್ದೇನೆ. ನನಗೆ ಕಾಯಿಲೆ ಇಲ್ಲ ಮಾರಾಯ್ತಿ, ರುಚಿಗೆ.

ನಮ್ಮಲ್ಲಿ ಮಾಡುವ ಬಗೆ ಕೇಳು. ಪೊಬ್ಲಾನೊ ಸಿಗುವುದಿಲ್ಲ, ಕ್ಯಾಪ್ಸಿಕಂ ಸಾಕು. ಉದ್ದಕ್ಕೆ ಎರಡು ಹೋಳು ಮಾಡಿ ಬೀಜ ತೆಗಿ, ತೊಟ್ಟು ಇರಲಿ, ಇಲ್ಲದಿದ್ದರೆ ದೋಣಿ ಬಿರಿಯುತ್ತದೆ. ಹೂಕೋಸು ತುರಿದು ಪಂಚೆಯಲ್ಲಿ ಕಟ್ಟಿ ಹಿಂಡು. ಈ ಹಿಂಡುವುದರಲ್ಲೇ ಎಲ್ಲ ಇರುವುದು, ನೀರು ಉಳಿದರೆ ಹೂರಣ ಗಂಜಿ ಆಗುತ್ತದೆ. ತೆಂಗಿನೆಣ್ಣೆಗೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ, ಒಂದು ಟೊಮೇಟೊ, ಮೆಣಸಿನ ಪುಡಿ. ಟೊಮೇಟೊ ನೀರು ಆರಿದ ಮೇಲೆ ಹೂಕೋಸು, ಕೊನೆಗೆ ಸಿಗಡಿ. ಸಿಗಡಿ ಬಣ್ಣ ಬದಲಾದ ಕೂಡಲೇ ಇಳಿಸು, ಉಳಿದದ್ದು ಕಾವಲಿಯಲ್ಲಿ ಬೇಯುತ್ತದೆ. ಇಲ್ಲಿಯವರು ಒರೆಗಾನೊ ಎಲೆ ಹಾಕುತ್ತಾರೆ. ಹಿತ್ತಿಲ ಸಾಂಬಾರಬಳ್ಳಿಯ (ದೊಡ್ಡಪತ್ರೆ) ಎರಡು ಎಲೆ ಚೂರು ಮಾಡಿ ಹಾಕು, ವಾಸನೆ ಹತ್ತಿರ ಹತ್ತಿರ ಅದೇ. ಲಿಂಬೆ ಹಿಂಡು.

ಓವನ್ ಬೇಡ. ದಪ್ಪ ಕಾವಲಿಗೆ ಎಣ್ಣೆ ಸವರಿ ಹೋಳುಗಳನ್ನು ಮೊದಲು ಮಗುಚಿ ಇಟ್ಟು ನಾಲ್ಕೈದು ನಿಮಿಷ ಬಿಡು, ಆಮೇಲೆ ತಿರುಗಿಸಿ ಹೂರಣ ತುಂಬು. ಚೀಸ್ ಬದಲು ಒಂದು ಮೊಟ್ಟೆ ಕಡೆದು, ಸ್ವಲ್ಪ ಕಾಯಿತುರಿ ಸೇರಿಸಿ ಮೇಲೆ ಹೊಯ್ಯಿ. ಮುಚ್ಚಿ ಸಣ್ಣ ಉರಿಯಲ್ಲಿ ಇಟ್ಟರೆ ಮೊಟ್ಟೆ ಗಟ್ಟಿಯಾಗುತ್ತದೆ. ಆಗಸ್ಟಿನಲ್ಲಿ ಬೋಟು ಇಳಿದಿದ್ದಾವಲ್ಲ, ಸಿಗಡಿಗೆ ಬರ ಇರಲಿಕ್ಕಿಲ್ಲ. ತುಟ್ಟಿ ಆದರೆ ಬಂಗಡೆ ಬೇಯಿಸಿ ಮುಳ್ಳು ತೆಗೆದು ಹಾಕು, ಇನ್ನೂ ಒಳ್ಳೆಯದು. ಜೂನ್, ಜುಲೈ ಮೀನುಗಾರಿಕೆ ನಿಂತಾಗ ಮೊಟ್ಟೆ ಸಾಕು. ಒಣ ಮೀನು ಬೇಡ, ಅಪ್ಪನ ಬಿಪಿಗೆ ಆ ಉಪ್ಪು ಆಗುವುದಿಲ್ಲ. ಆಲೂಗಡ್ಡೆ ತುಂಬಿದರೆ ಇಷ್ಟೆಲ್ಲ ಮಾಡಿದ್ದೂ ದಂಡ.

ಅಪ್ಪ ‘ಇದೆಂಥ ಅಮೇರಿಕದ ಅಡುಗೆ’ ಅಂದರೆ ಹೇಳು: ಮೆಣಸು, ಟೊಮೇಟೊ ಎರಡೂ ಆ ಕಡೆಯವೇ. ಪೋರ್ಚುಗೀಸರು ಮೆಣಸನ್ನು ಗೋವಾಕ್ಕೆ ತಂದ ಮೇಲೆ ತಾನೇ ನಮ್ಮ ಮೀನುಸಾರು ಕೆಂಪಾದದ್ದು. ಅಜ್ಜಿಗೆ ಇನ್ನೊಂದು ಹೇಳು, ನಗುತ್ತಾಳೆ. ಮೆಕ್ಸಿಕೋದವರು ರೊಟ್ಟಿಗೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕಿ ರುಬ್ಬುತ್ತಾರೆ. ಎಲೆಗೆ ಹಚ್ಚುವ ಸುಣ್ಣವೇ! ಬೇಲಿಯ ಪಾಪಾಸುಕಳ್ಳಿಯನ್ನು ಮುಳ್ಳು ಹೆರೆದು ಪಲ್ಯ ಮಾಡುತ್ತಾರೆ, ತಿಂದೆ, ಬೆಂಡೆಯ ಹಾಗೆ ಲೋಳೆ. ಈ ತಿಂಗಳು ಪುಯೆಬ್ಲಾದವರ ಮನೆಗಳಲ್ಲಿ ಹಣ್ಣು, ಮಾಂಸ ತುಂಬಿದ ಮೆಣಸಿನ ಮೇಲೆ ಬಿಳಿ ಅಕ್ರೋಟ್ ಸಾರು, ದಾಳಿಂಬೆ ಕಾಳು ಹಾಕುತ್ತಾರೆ, ಹಸಿರು ಬಿಳುಪು ಕೆಂಪು, ಅವರ ಬಾವುಟದ ಬಣ್ಣ. ಸಿಹಿ ಇರುತ್ತದೆ, ಅಪ್ಪನಿಗೆ ಅದರ ಸುದ್ದಿ ಬೇಡ.

ಒಂದು ಮುಖ್ಯ ವಿಷಯ. ಅಪ್ಪನ ಮಾತ್ರೆಯ ಹೆಸರು ನೋಡಿ ಬರೆ. ಗ್ಲಿಮೆಪಿರೈಡ್ ಥರದ್ದಾದರೆ ಡಾಕ್ಟರನ್ನು ಕೇಳದೆ ಅನ್ನ ಒಮ್ಮೆಲೇ ಕಡಿಮೆ ಮಾಡಬೇಡಿ. ಊಟ ಕಡಿಮೆ, ಮಾತ್ರೆ ಅಷ್ಟೇ ಅಂದರೆ ಸಕ್ಕರೆ 70ರ ಕೆಳಗೆ ಇಳಿಯಬಹುದು. ಬೆವರು, ಕೈನಡುಕ, ತಲೆ ತಿರುಗುವುದು ಕಂಡರೆ ತಕ್ಷಣ ಸಕ್ಕರೆ ನೀರು ಕೊಡಿ. ಮಾತ್ರೆ ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಲಿ, ಪೇಟೆಯ ಗೆಳೆಯರು ಬೇಡ.

ಚೌತಿ ಬಂತು. ಪಂಚಕಜ್ಜಾಯ, ಮೋದಕ ಮಾಡದೆ ಇರಲಿಕ್ಕಾಗದು, ಗೊತ್ತು. ಗಣಪತಿಗೆ ಇಟ್ಟು ಅಪ್ಪನಿಗೆ ಒಂದು ಚಿಟಿಕೆ ಪ್ರಸಾದ. ಡಬ್ಬಿ ಎಲ್ಲಿ ಅಡಗಿಸಿದರೂ ಅವನಿಗೆ ಸಿಗುತ್ತದೆ, ಅತ್ತೆ ಮನೆಗೆ ಕಳಿಸಿಬಿಡು.

ನನ್ನ ಬಗ್ಗೆ ಏನೂ ಯೋಚನೆ ಬೇಡ. ಕೆಲಸ ಗಟ್ಟಿ ಇದೆ, ಮನೆ ಒಳ್ಳೆಯದಿದೆ, ಬಿಸಿಲು ಅಂಕೋಲಾಕ್ಕಿಂತ ಜೋರು ಆದರೂ ಒಳಗೆ ಎಸಿ, ತೂಕ ಇಳಿದಿಲ್ಲ, ನಿದ್ದೆ ಚೆನ್ನಾಗಿ ಬರುತ್ತದೆ, ದುಡ್ಡು ಬೇಕಾದಷ್ಟಿದೆ, ದುಡ್ಡಿನ ಮುಖ ನೋಡಿ ಆಸ್ಪತ್ರೆ ತಪ್ಪಿಸಬೇಡಿ. ಅತ್ತೆ ಹೇಳಿದ ಹುಡುಗನ ವಿಷಯ ಈಗ ಬೇಡ, ಆಮೇಲೆ ನೋಡೋಣ. ಅವನ ಫೋಟೋ ಕಳಿಸುವ ಬದಲು ಅಪ್ಪನ ಕಾಲಿನ ಫೋಟೋ ಕಳಿಸಿ.

ಬೆಳಿಗ್ಗೆ ಬೇಗ ಡ್ಯೂಟಿ, ನಿಲ್ಲಿಸುತ್ತೇನೆ. ಅಜ್ಜಿಗೆ, ಅಕ್ಕನಿಗೆ, ಬಾವನಿಗೆ ನೆನಪು ಹೇಳು. ಪುಟ್ಟ ಓದುತ್ತಿದ್ದಾನಾ?

ನಿನ್ನ
ಮಗಳು

ಮರೆತೆ: ಕ್ಯಾಪ್ಸಿಕಂ ಸಿಗದಿದ್ದರೆ ದೊಡ್ಡ ಬದನೆ ಅಥವಾ ಹಾಗಲಕಾಯಿ ಆಗುತ್ತದೆ. ಹಾಗಲಕ್ಕೆ ಉಪ್ಪು ಹಚ್ಚಿ ಅರ್ಧ ಗಂಟೆ ಇಟ್ಟು ಹಿಂಡು. ಬದನೆಗೆ ಎಣ್ಣೆ ಸುರಿಯಬೇಡ.