ಬಡಿಸಿದವರಿಗೂ, ಬಡಿಸಿಕೊಂಡವರಿಗೂ

ಹಬ್ಬ ಮುಗಿದು ನಾಲ್ಕು ದಿನವಾಯಿತು. ಪಾತ್ರೆಗಳೆಲ್ಲ ಒಣಗಿ ಕಪಾಟು ಸೇರಿವೆ. ಈಗಲಾದರೂ ಕೂತು ನಿಮಗೆಲ್ಲ ಧನ್ಯವಾದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಇಲ್ಲದವರಿಗೆ ಹಬ್ಬದ ದಿನ ಊಟ ಹಾಕಲು ನಮ್ಮ ಬಳಗ ಶುರು ಮಾಡಿ ಈ ಸಲಕ್ಕೆ 10 ವರ್ಷ ತುಂಬಿತು. ಈ ಸಲವೇ, ಹಬ್ಬಕ್ಕೆ ಮೂರು ದಿನ ಇದೆ ಎನ್ನುವಾಗ ಅಡುಗೆಮನೆ ಕೈತಪ್ಪಿತು. ಕೊಡುತ್ತೇವೆ ಎಂದವರು ಆಗುವುದಿಲ್ಲ ಎಂದುಬಿಟ್ಟರು. ಹೆಸರು ಬರೆಸಿದವರ ಪಟ್ಟಿ ನನ್ನ ಕೈಯಲ್ಲಿತ್ತು. ಒಂಟಿಯಾಗಿರುವ ವಯಸ್ಸಾದವರು, ಕೆಲಸ ಕಳೆದುಕೊಂಡವರು, ಒಬ್ಬರೇ ಮಕ್ಕಳನ್ನು ಸಾಕುತ್ತಿರುವ ತಾಯಂದಿರು. ಅವರಿಗೆ ಫೋನ್ ಮಾಡಿ 'ಈ ವರ್ಷ ಇಲ್ಲ' ಎನ್ನಲು ನನಗೆ ಬಾಯಿ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಒಬ್ಬರು ಫೋನ್ ಮಾಡಿದರು. "ನಮ್ಮ ಅಡುಗೆಮನೆ ಚಿಕ್ಕದು, ಸ್ವಲ್ಪ ದೂರ ಬೇರೆ. ಪರವಾಗಿಲ್ವಾ?" ಸಂಜೆ ಹೊತ್ತಿಗೆ ಅಂಥವು ಮೂರಾದವು. ಆ ಮೂರೂ ಮನೆಯವರಿಗೆ ನನ್ನ ಮೊದಲ ನಮಸ್ಕಾರ.

ಅಡುಗೆ ದೂರದಿಂದ ಬರಬೇಕಾದರೆ ದೊಡ್ಡ ಭಯ ಬಿಸಿಯದು. ಬೆಂದ ಅಡುಗೆಯನ್ನು ಬಡಿಸುವವರೆಗೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಇಡಬೇಕು, ಹೊರಗೆ 2 ಗಂಟೆಗಿಂತ ಜಾಸ್ತಿ ಬಿಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರಿದ ಅಡುಗೆಯಲ್ಲಿ ರೋಗಾಣುಗಳು ಬೇಗ ಹೆಚ್ಚುತ್ತವೆ. ಅವುಗಳಲ್ಲಿ ಕೆಲವು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ನಮ್ಮಲ್ಲಿಗೆ ಬರುವವರಲ್ಲಿ ವಯಸ್ಸಾದವರು, ಎಳೆ ಮಕ್ಕಳೇ ಜಾಸ್ತಿ. ಅವರ ದೇಹ ಅದನ್ನು ತಡೆಯುವುದು ಕಷ್ಟ.

ಅದಕ್ಕೇ ನಮ್ಮ ಕಾಲೇಜು ಹುಡುಗಿಯೊಬ್ಬಳು ಥರ್ಮಾಮೀಟರ್ ಹಿಡಿದು ನಿಂತಿದ್ದಳು. ಬಂದ ಪ್ರತಿ ಪಾತ್ರೆಯ ನಡುವಿಗೆ ಇಳಿಸಿ ನೋಡುವುದು, ಬರೆದುಕೊಳ್ಳುವುದು. ಒಂದು ಪಾತ್ರೆ ಆರಿಹೋಗಿತ್ತು. ಯಾವಾಗ ಒಲೆಯಿಂದ ಇಳಿಸಿದ್ದು ಎಂದು ಯಾರಿಗೂ ಸರಿಯಾಗಿ ನೆನಪಿರಲಿಲ್ಲ. "ಇದು ಬೇಡ ಅಕ್ಕಾ" ಎಂದಳು. ಅಷ್ಟು ಅಡುಗೆ ಚೆಲ್ಲುವುದು ಎಂದರೆ ಕರುಳು ಚುರುಕ್ ಎನ್ನುತ್ತದೆ. ನಾನು ಅವಳ ಮೇಲೆ ಸ್ವಲ್ಪ ರೇಗಿದೆ ಕೂಡ. ಆದರೂ ಅವಳು ಬಿಡಲಿಲ್ಲ. ಪುಟ್ಟಾ, ಆವತ್ತು ನಿನಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಊಟ ಮಾಡಿದ ಎಲ್ಲರೂ ಆರಾಮಾಗಿದ್ದಾರೆ. ನೀನು ಮಾಡಿದ್ದೇ ಸರಿ.

ಇನ್ನು ಊಟಕ್ಕೆ ಬಂದವರು. ನಿಮಗೇ ನಾನು ಎಲ್ಲರಿಗಿಂತ ಜಾಸ್ತಿ ಋಣಿ.

ಮೊದಲ ವರ್ಷಗಳಲ್ಲಿ ನಾವು ಸಾಲು ನಿಲ್ಲಿಸಿ ಪೊಟ್ಟಣ ಕೊಟ್ಟು ಕಳಿಸುತ್ತಿದ್ದೆವು. ಬೇಗ ಮುಗಿಯುತ್ತಿತ್ತು. ಒಮ್ಮೆ ಒಬ್ಬ ಅಜ್ಜಿ ಪೊಟ್ಟಣ ಕೈಯಲ್ಲಿ ಹಿಡಿದು ಹೇಳಿದರು: "ಇದನ್ನ ತಗೊಂಡೋಗಿ ಒಬ್ಬಳೇ ತಿಂದ್ರೆ ಹಬ್ಬ ಅನ್ಸಲ್ಲಮ್ಮಾ. ಇನ್ನೂ ಸ್ವಲ್ಪ ಹಾಕ್ಲಾ ಅಂತ ಕೇಳೋರು ಬೇಕು." ನಾವು ಹೊಟ್ಟೆಯ ಲೆಕ್ಕ ಮಾತ್ರ ಹಾಕಿದ್ದೆವು. ಮುಂದಿನ ವರ್ಷದಿಂದ ಎಲ್ಲರನ್ನೂ ಕೂರಿಸಿ ಬಡಿಸತೊಡಗಿದೆವು. ಎರಡನೇ ಸಲ ಹೋಗಿ ಕೇಳುವುದು ಕಡ್ಡಾಯ. ಬಾಯಿ ಸಾಕು ಎನ್ನುತ್ತದೆ, ಆದರೆ ತಟ್ಟೆಗೆ ಕೈ ಅಡ್ಡ ಬರುವುದಿಲ್ಲ. ಆಗ ಹಾಕಬೇಕು. ಹೊಸದಾಗಿ ಬಡಿಸಲು ಬರುವವರಿಗೆ ನಾನು ಹೇಳಿಕೊಡುವುದು ಇದೊಂದನ್ನೇ.

ಆ ಅಜ್ಜಿ ಈ ವರ್ಷವೂ ಬಂದಿದ್ದರು. ಪಕ್ಕದಲ್ಲಿ ಹೊಸಬರೊಬ್ಬರು ತಲೆ ತಗ್ಗಿಸಿ ಕೂತಿದ್ದರು. ಅವರ ತಟ್ಟೆ ನೋಡಿ ಅಜ್ಜಿ ನನ್ನನ್ನು ಜೋರಾಗಿ ಕರೆದರು. "ಇವರಿಗೆ ಸಿಹಿ ಬಂದಿಲ್ಲ ನೋಡು, ತಗೊಂಬಾ." ಮನೆಯ ಯಜಮಾನಿಯ ದನಿ ಅದು. ಕೇಳಿ ನನಗೆ ಕಣ್ಣು ತುಂಬಿತು.

ಫೋಟೊ ಬೇಡ ಎಂದಾಗ ಒಂದು ಮಾತೂ ಆಡದೆ ಒಪ್ಪಿದ ದಾನಿಗಳಿಗೆ, ಹಾಸಿಗೆ ಹಿಡಿದವರ ಮನೆಗೆ ಊಟ ಒಯ್ದು ಹತ್ತು ನಿಮಿಷ ಕೂತು ಮಾತಾಡಿ ಬಂದ ಗಾಡಿಯವರಿಗೆ ತುಂಬಾ ಧನ್ಯವಾದ. ಹಬ್ಬದ ದಿನ ಬಡಿಸಲು ಬೇಕಾದಷ್ಟು ಜನ ಬರುತ್ತಾರೆ. ಮರುದಿನ ತಳ ಹಿಡಿದ ಪಾತ್ರೆ ತಿಕ್ಕಲು ಬರುವವರು ಕಡಿಮೆ, ಅಲ್ವಾ? ಈ ಸಲ ಏಳು ಜನ ಬಂದಿರಿ. ಕೈ ಬೊಬ್ಬೆ ಬರುವವರೆಗೂ ತಿಕ್ಕಿದಿರಿ. ನಿಮ್ಮನ್ನು ಮರೆಯುವುದಿಲ್ಲ.

ಹಿಡಿಗೆ ಕೆಂಪು ದಾರ ಕಟ್ಟಿದ ದೊಡ್ಡ ಸ್ಟೀಲ್ ಪಾತ್ರೆಯೊಂದು ನಮ್ಮಲ್ಲೇ ಉಳಿದಿದೆ. ಮುಚ್ಚಳವೂ ಇದೆ. ಯಾರದೆಂದು ಹೇಳಿ, ನಾನೇ ಮನೆಗೆ ತಂದುಕೊಡುತ್ತೇನೆ.